ಎಡಕ್ಕೆ ಕೆಂಪು, ಬಲಕ್ಕೆ ಹಸಿರು: ಸ್ವಂತ ಕೈಯಲ್ಲಿ ಕಟ್ಟಿದ ವಿಮಾನಕ್ಕೆ ಎಲ್‌ಇಡಿ ದೀಪ

ಕಾಂದಿವಲಿಯ ತಮ್ಮ ಕಟ್ಟಡದ ಟೆರೇಸಿನ ಮೇಲೆ ಕ್ಯಾಪ್ಟನ್ ಅಮೋಲ್ ಯಾದವ್ ಆರು ಸೀಟಿನ ವಿಮಾನ ಕಟ್ಟಿದರು. 2016ರಲ್ಲಿ ಅದನ್ನು ಮುಂಬಯಿಯ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನದಲ್ಲಿಟ್ಟರು, ಮರುವರ್ಷ ನಾಗರಿಕ ವಿಮಾನಯಾನದ ನಿಯಂತ್ರಣ ಸಂಸ್ಥೆ ಡಿಜಿಸಿಎಯ ನೋಂದಣಿಯೂ ಸಿಕ್ಕಿತು. ಆ ಕಥೆ ಕೇಳಿ ಉತ್ಸಾಹಗೊಂಡವರಲ್ಲಿ ನನ್ನ ಗೆಳೆಯನೂ ಒಬ್ಬ. ಡೊಂಬಿವಲಿಯ ಶೆಡ್ಡಿನಲ್ಲಿ ಅವನ ಎರಡು ಸೀಟಿನ ವಿಮಾನ ಏಳುತ್ತಿದೆ. ದೀಪಗಳ ಕೆಲಸ ನನ್ನ ಪಾಲಿಗೆ ಬಂತು. ಮಾಡುವಾಗ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು ಕೋನ, ಆಮೇಲೆ ಬೆಳಕು

ಪೊಸಿಷನ್ ಲೈಟ್ ಇರುವುದು ನಮಗೆ ದಾರಿ ಕಾಣಲಿ ಎಂದಲ್ಲ, ನಾವು ಯಾವ ಕಡೆ ಹೊರಟಿದ್ದೇವೆ ಎಂದು ಇತರರಿಗೆ ತಿಳಿಯಲಿ ಎಂದು. ಎಡ ರೆಕ್ಕೆಯ ತುದಿಗೆ ಕೆಂಪು, ಬಲಕ್ಕೆ ಹಸಿರು, ಬಾಲಕ್ಕೆ ಬಿಳಿ. ರಾತ್ರಿ ಮುಂಬಯಿಯ ದೋಣಿಕಟ್ಟೆ ಭಾವೂಚಾ ಧಕ್ಕಾದ ಬಳಿ ನಿಂತರೆ ಹಡಗುಗಳಲ್ಲೂ ಇದೇ ಪದ್ಧತಿ ಕಾಣುತ್ತದೆ. ನಿಮ್ಮ ಬಲಗಡೆಯಿಂದ ಒಂದು ವಿಮಾನ ಅಡ್ಡ ಬರುತ್ತಿದ್ದರೆ ನಿಮಗೆ ಕಾಣುವುದು ಅದರ ಎಡ ಮಗ್ಗುಲು, ಅಂದರೆ ಕೆಂಪು ದೀಪ. ದಾರಿ ಬಿಡಬೇಕಾದವರು ನೀವು. ಕೆಂಪು, ಹಸಿರು ಎರಡೂ ಒಟ್ಟಿಗೆ ಕಂಡರೆ ಅದು ನೇರ ಎದುರಿಗೇ ಬರುತ್ತಿದೆ.

ಹಾಗಾಗಿ ಪ್ರತಿ ಬಣ್ಣಕ್ಕೂ ಗಡಿಯಿದೆ. ಕೆಂಪು, ಹಸಿರು ಎರಡೂ ನೇರ ಮುಂದಿನಿಂದ ತಂತಮ್ಮ ಬದಿಗೆ 110 ಡಿಗ್ರಿಯವರೆಗೆ ಕಾಣಬೇಕು. ಉಳಿದ ಹಿಂದಿನ 140 ಡಿಗ್ರಿ ಬಿಳಿಯದು. ಅಮೆರಿಕದ ಸಣ್ಣ ವಿಮಾನಗಳ ನಿಯಮದಲ್ಲಿ ಬಹುಕಾಲ ಇದ್ದ ಅಂಕಿಗಳನ್ನೇ ನಾವು ಗುರಿಯಾಗಿ ಇಟ್ಟುಕೊಂಡೆವು: ಕೆಂಪು ಮತ್ತು ಹಸಿರಿಗೆ ಮುಂದಿನ 10 ಡಿಗ್ರಿಯಲ್ಲಿ ಕನಿಷ್ಠ 40 ಕ್ಯಾಂಡೆಲಾ (ಒಂದು ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆಯ ಅಳತೆ), 20 ಡಿಗ್ರಿಯವರೆಗೆ 30, ಅಲ್ಲಿಂದ 110ರವರೆಗೆ 5. ಬಾಲದ ಬಿಳಿಗೆ ಎಲ್ಲೆಡೆ 20. ಇನ್ನೊಂದು ಮಿತಿಯನ್ನು ಬಹಳ ಜನ ಮರೆಯುತ್ತಾರೆ: ಕೆಂಪು ಬೆಳಕು ಬಲಗಡೆಗೆ 20 ಡಿಗ್ರಿ ದಾಟಿ ಸೋರಿದರೆ ಅದು 1 ಕ್ಯಾಂಡೆಲಾ ಮೀರಬಾರದು. ಹಸಿರಿಗೂ ಹಾಗೆಯೇ.

ಎಲ್‌ಇಡಿ ಆರಿಸುವುದು

ಬಿಳಿ ಎಲ್‌ಇಡಿ ಹಾಕಿ ಮುಂದೆ ಬಣ್ಣದ ಗಾಜು ಇಡಬೇಡಿ. ಬೆಳಕಿನ ಬಹುಪಾಲು ಗಾಜಿನಲ್ಲೇ ಹೋಗುತ್ತದೆ, ಬಣ್ಣವೂ ಸರಿಯಾಗಿ ಬರುವುದಿಲ್ಲ. ಕೆಂಪಿಗೆ ಕೆಂಪು ಎಲ್‌ಇಡಿ, ಹಸಿರಿಗೆ ಹಸಿರು, ಮುಂದೆ ಪಾರದರ್ಶಕ ಕವಚ. ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ‘ಸ್ಟಾರ್’ ಎಂಬ ಸಣ್ಣ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಕೂರಿಸಿದ ಎಲ್‌ಇಡಿಗಳು ಸಿಗುತ್ತವೆ.

ಬಾಲದ ದೀಪದ ಲೆಕ್ಕ ನೋಡಿ. ಲೆನ್ಸ್ ಇಲ್ಲದ 100 ಲೂಮೆನ್‌ನ (ಎಲ್ಲ ದಿಕ್ಕಿಗೂ ಸೇರಿ ಹೊರಬರುವ ಒಟ್ಟು ಬೆಳಕು) ಎಲ್‌ಇಡಿ ನೇರ ಎದುರಿಗೆ ಸುಮಾರು 32 ಕ್ಯಾಂಡೆಲಾ ಕೊಡುತ್ತದೆ. ಬದಿಗೆ ಸರಿದಂತೆ ಅದು ಇಳಿದು, ಬಿಳಿಯ ಸೀಮೆಯ ಅಂಚಾದ 70 ಡಿಗ್ರಿಯಲ್ಲಿ 11ಕ್ಕೆ ಬರುತ್ತದೆ. ಬೇಕಾದದ್ದು 20. ಒಂದರ ಬದಲು ಎರಡು ಎಲ್‌ಇಡಿಗಳನ್ನು ಎಡಕ್ಕೊಂದು ಬಲಕ್ಕೊಂದು 35 ಡಿಗ್ರಿ ತಿರುಗಿಸಿ ಕೂರಿಸಿದರೆ ನೇರ ಹಿಂದೆ 52, ಎರಡೂ ಅಂಚಿನಲ್ಲಿ 26. ಇನ್ನೂ ಹೆಚ್ಚು ಪ್ರಕಾಶದ ಎಲ್‌ಇಡಿ ಹುಡುಕುತ್ತ ಅಲೆಯುವುದಕ್ಕಿಂತ ಇದ್ದದ್ದನ್ನು ಸರಿಯಾಗಿ ತಿರುಗಿಸುವುದೇ ಮೇಲು.

ರೆಕ್ಕೆ ತುದಿಗೆ ತಲಾ ಮೂರು ಹಾಕಿದೆವು. ಎರಡು ನೇರ ಮುಂದಕ್ಕೆ, ಬೆಳಕನ್ನು 40 ಡಿಗ್ರಿಯೊಳಗೆ ಹಿಡಿಯುವ ಲೆನ್ಸ್ ಸಮೇತ. ಮೂರನೆಯದು ಲೆನ್ಸ್ ಇಲ್ಲದೆ, ಹೊರಗಡೆಗೆ ಸುಮಾರು 65 ಡಿಗ್ರಿ ತಿರುಗಿಸಿ.

ಶಾಖ ಮತ್ತು ಡ್ರೈವರ್

ಸ್ಟಾರ್‌ಗಳನ್ನು ದಪ್ಪ ಅಲ್ಯೂಮಿನಿಯಂ ತುಂಡಿಗೆ ಥರ್ಮಲ್ ಪೇಸ್ಟ್ ಸವರಿ ಬಿಗಿಯಿರಿ. ಬಿಸಿಯಾದಂತೆ ಕೆಂಪು ಎಲ್‌ಇಡಿ ಹಸಿರಿಗಿಂತ ಬೇಗ ಮಂಕಾಗುತ್ತದೆ. ಆದ್ದರಿಂದ ಅಳತೆ ಮಾಡುವ ಮುನ್ನ ಅರ್ಧ ಗಂಟೆ ಉರಿಸಿಡಿ.

ಎಲ್‌ಇಡಿಗೆ ಬೇಕಾದದ್ದು ಸ್ಥಿರ ಕರೆಂಟ್. ಎಂಜಿನ್ ನಿಂತಾಗ 12, ಓಡುವಾಗ 14 ವೋಲ್ಟ್ ಇರುವ ಲೈನಿಗೆ ಬರೀ ರೆಸಿಸ್ಟರ್ ಹಾಕಿದರೆ ಬೆಳಕು ಏರಿಳಿಯುತ್ತದೆ. ಕರೆಂಟನ್ನು ಸ್ಥಿರವಾಗಿಡುವ ಸಣ್ಣ ಸರ್ಕ್ಯೂಟೇ ಡ್ರೈವರ್; 350 ಮಿಲಿ ಆಂಪಿಯರ್‌ನದು ಸಾಕು. ಹಿಂದೆ ಮೂರು ಬಲ್ಬುಗಳಿಗೆ ತಲಾ 26 ವ್ಯಾಟ್ ಹೋಗುತ್ತಿತ್ತು. ಈಗ ಮೂರೂ ದೀಪ ಸೇರಿ ಒಂದು ಆಂಪಿಯರ್ ಕೂಡ ಎಳೆಯುವುದಿಲ್ಲ. ರೆಕ್ಕೆ ಫೈಬರ್‌ನದಾದರೆ ಮೈ ಮೂಲಕ ಅರ್ತ್ (ಕರೆಂಟ್ ಮರಳುವ ದಾರಿ) ಸಿಗದು, ಎರಡು ವೈರ್ ಎಳೆಯಲೇಬೇಕು.

ರೇಡಿಯೋ ಗೊರಗೊರ

ನಾನು ಎಡವಿದ್ದು ಇಲ್ಲಿ. ಅಗ್ಗಕ್ಕೆ ಸಿಕ್ಕ ಡ್ರೈವರ್ ಜೋಡಿಸಿ ದೀಪ ಹಚ್ಚಿದೆ, ಚೆನ್ನಾಗಿಯೇ ಉರಿಯಿತು. ರೇಡಿಯೋ ಹಾಕಿದರೆ ಹೆಡ್‌ಸೆಟ್ ತುಂಬ ಗೊರಗೊರ. ಡ್ರೈವರ್ ಒಳಗಿನ ಸ್ವಿಚ್ಚು ಸೆಕೆಂಡಿಗೆ ಲಕ್ಷಾಂತರ ಬಾರಿ ಆರಿ ಹತ್ತುತ್ತದೆ. ಅದರ ಸದ್ದು ಉದ್ದದ ವೈರನ್ನೇ ಆಂಟೆನಾ ಮಾಡಿಕೊಂಡು 118ರಿಂದ 137 ಮೆಗಾಹರ್ಟ್ಸ್‌ನ ವಿಮಾನ ರೇಡಿಯೋಗೆ ನುಗ್ಗುತ್ತದೆ. ಕಂಟ್ರೋಲ್ ಟವರಿನ ಮಾತು ಅದರಲ್ಲಿ ಮುಳುಗಿಹೋದರೆ ದೀಪ ಎಷ್ಟು ಚೆನ್ನಾಗಿ ಉರಿದರೇನು?

ಡ್ರೈವರನ್ನು ದೀಪದ ಪಕ್ಕದಲ್ಲೇ ಲೋಹದ ಡಬ್ಬಿಯೊಳಗೆ ಹಾಕಿದೆ. ಸದ್ದು ಹೊರಬರದಂತೆ ಅದರ ಬಾಯಲ್ಲಿ ಕೆಪಾಸಿಟರ್, ವೈರಿಗೆ ಸದ್ದು ತಡೆಯುವ ಫೆರೈಟ್ ಬಳೆ, ಹೋಗುವ ಬರುವ ವೈರುಗಳು ಒಂದಕ್ಕೊಂದು ಹೆಣೆದವು. ಸಣ್ಣ ಸದ್ದನ್ನು ಅಡಗಿಸುವ ರೇಡಿಯೋದ ಸ್ಕ್ವೆಲ್ಚ್ ಪೂರ್ತಿ ತೆರೆದು, ದೀಪ ಆರಿಸಿ ಹಚ್ಚಿ, ವಿಮಾನ ಹಾರಬೇಕಾದ ಏರೋಡ್ರೋಮಿನಲ್ಲಿ ಬಳಸುವ ಪ್ರತಿ ಫ್ರೀಕ್ವೆನ್ಸಿಯಲ್ಲೂ ಕೇಳಿದೆವು. ವ್ಯತ್ಯಾಸ ಗೊತ್ತಾಗದ ಮೇಲೆಯೇ ಮುಂದಿನ ಕೆಲಸ. ದಿಕ್ಸೂಚಿಯ ಮುಳ್ಳು ಅಲುಗುತ್ತದೆಯೇ ಎಂದೂ ಇದೇ ಹೊತ್ತಿಗೆ ನೋಡಿ.

ಅಳತೆ

ತನ್ನ ಮೇಲೆ ಬಿದ್ದ ಬೆಳಕನ್ನು ಅಳೆಯುವ ಲಕ್ಸ್ ಮೀಟರನ್ನು ದೀಪದಿಂದ ಸರಿಯಾಗಿ 2 ಮೀಟರ್ ದೂರ ಹಿಡಿಯಿರಿ. ಬಂದ ಅಂಕಿಯನ್ನು 4ರಿಂದ ಗುಣಿಸಿದರೆ ಕ್ಯಾಂಡೆಲಾ. 40 ಕ್ಯಾಂಡೆಲಾಗೆ 10 ಲಕ್ಸ್, 30ಕ್ಕೆ ಏಳೂವರೆ, 5ಕ್ಕೆ ಒಂದೂಕಾಲು. ಮೊದಲು ನಮ್ಮ ಸೊಸೈಟಿಯ ಟೆರೇಸಿನಲ್ಲಿ ಪ್ರಯತ್ನಿಸಿದೆವು. ಮೀಟರ್ ಹಿಡಿದಿದ್ದ ಅಕ್ಕನ ಮಗಳು, “ಮಾಮ, ದೀಪ ಆರಿಸಿದ್ರೂ ಮೂರು ತೋರಿಸ್ತಿದೆ” ಅಂದಳು. ಮುಂಬಯಿಯ ಆಕಾಶದಲ್ಲಿ ಕತ್ತಲೆಯೆಲ್ಲಿ! ಶೆಡ್ಡಿನ ಬಾಗಿಲು ಮುಚ್ಚಿ, ಗೋಡೆಗೆ ಕಪ್ಪು ಬಟ್ಟೆ ಕಟ್ಟಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಹತ್ತತ್ತು ಡಿಗ್ರಿಗೆ ಗೆರೆ ಎಳೆದು ಮತ್ತೆ ಅಳೆದೆವು. ಒಂದೇ ಬಣ್ಣದ ಬೆಳಕಿಗೆ ಅಗ್ಗದ ಮೀಟರುಗಳು ತಪ್ಪು ತೋರಿಸುವುದುಂಟು. ಅದಕ್ಕೇ ಬೇಕಾದದ್ದಕ್ಕಿಂತ ಒಂದೂವರೆ ಪಟ್ಟು ಬಂದರಷ್ಟೇ ಒಪ್ಪಿಕೊಂಡೆವು.

ಒಳಬದಿಗೆ ಬೆಳಕು ಸೋರದಂತೆ ಒಂದು ತಗಡಿನ ಮರೆ ನಿಲ್ಲಿಸಿ, ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ.

ಕೊನೆಯ ಜೋಡಣೆ

ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಎರಡೂ ಇರುವ ಊರಿದು. ಬೆಸುಗೆಗಳ ಮೇಲೆ ರಕ್ಷಣೆಯ ಲೇಪ ಹಾಕಿ, ಕವಚದ ಅಂಚಿಗೆ ಸೀಲಂಟ್ ತುಂಬಿ, ನೀರು ಇಳಿಯಲು ತಳದಲ್ಲಿ ಸಣ್ಣ ತೂತು ಬಿಡಿ. ಬದಲಾವಣೆಯನ್ನೆಲ್ಲ ಲಾಗ್‌ಬುಕ್ಕಿನಲ್ಲಿ ಬರೆದು, ತಪಾಸಣೆ ಮಾಡುವವರಿಗೆ ಮೊದಲೇ ತೋರಿಸಿ. ದೀಪ ಹಾಕಿದ ಮಾತ್ರಕ್ಕೆ ರಾತ್ರಿ ಹಾರಾಟದ ಅನುಮತಿ ಬರುವುದಿಲ್ಲ, ಅದು ಬೇರೆಯೇ.

ಕವಚ ಹಾಕಿದ ಮೇಲೆ ಮತ್ತೊಮ್ಮೆ ಅಳೆಯಿರಿ. ನಮ್ಮದರಲ್ಲಿ ಬಾಗಿದ ಅಕ್ರಿಲಿಕ್‌ನ ಒಳಮೈಗೆ ಬಡಿದ ಕೆಂಪು ಬೆಳಕು ಪ್ರತಿಫಲಿಸಿ ಹಸಿರಿನ ಸೀಮೆಯೊಳಗೆ ಹೊಕ್ಕಿತ್ತು. ಮರೆಯನ್ನು ಎರಡು ಬೆರಳಷ್ಟು ಮುಂದೆ ಚಾಚಿದಾಗ ಅದು ನಿಂತಿತು.