ಆಫೀಸ್ ವಿಚಾರಣೆ: ಏನು ಕೊಡಬೇಕು, ಏನು ಕೊಡಬೇಕಿಲ್ಲ?

‘ನಿಮ್ಮ ಮೇಲೆ ದೂರು ಬಂದಿದೆ, ಲ್ಯಾಪ್‌ಟಾಪ್ ಒಪ್ಪಿಸಿ’ ಎಂದು ಎಚ್‌ಆರ್‌ನಿಂದ ಮೇಲ್ ಬಂದ ಕೂಡಲೇ ಹಲವರು ಗಾಬರಿಬಿದ್ದು ಕೈಗೆ ಸಿಕ್ಕಿದ್ದನ್ನೆಲ್ಲ ಡಿಲೀಟ್ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೂಲ ಆರೋಪ ಬಿದ್ದುಹೋದರೂ ಸಾಕ್ಷ್ಯನಾಶದ ಹೊಸ ಆರೋಪ ಹೆಗಲೇರುತ್ತದೆ. ಕಂಪನಿಯ ಫೈಲುಗಳನ್ನು ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳುವುದೂ ಅಷ್ಟೇ ಅಪಾಯ. ಅದು ಡೇಟಾ ಕಳವು ಎನಿಸಿಕೊಳ್ಳುತ್ತದೆ. ನಿಮ್ಮ ಪರವಾದ ದಾಖಲೆ ಬೇಕಿದ್ದರೆ ಅದರ ದಿನಾಂಕ, ವಿಷಯ ಬರೆದಿಟ್ಟುಕೊಂಡು ವಿಚಾರಣಾಧಿಕಾರಿಗೆ ಲಿಖಿತ ಮನವಿ ಕೊಡಿ.

ಲ್ಯಾಪ್‌ಟಾಪ್ ಒಪ್ಪಿಸುವಾಗ

ಯಂತ್ರ ಕಂಪನಿಯದು, ಕೊಡಲೇಬೇಕು. ಅದರಲ್ಲಿ ತೆರೆದುಕೊಂಡಿರುವ ನಿಮ್ಮ ಸ್ವಂತ ಖಾತೆಗಳು ಮಾತ್ರ ಕಂಪನಿಯವಲ್ಲ. ಹೆಚ್ಚಿನವರು ಮರೆಯುವುದು ವಾಟ್ಸ್‌ಆ್ಯಪ್ ವೆಬ್. ಲ್ಯಾಪ್‌ಟಾಪ್ ಕೈಬಿಟ್ಟ ಮೇಲೂ ಮನೆಯವರ ಮೆಸೇಜು ಅಲ್ಲಿ ಬಂದು ಬೀಳುತ್ತಲೇ ಇರುತ್ತದೆ. ನಿಮ್ಮ ಫೋನಿನಲ್ಲೇ ‘ಲಿಂಕ್ಡ್ ಡಿವೈಸಸ್’ಗೆ ಹೋಗಿ ಆ ಲ್ಯಾಪ್‌ಟಾಪನ್ನು ಲಾಗ್‌ಔಟ್ ಮಾಡಿ. ಚಾಟ್‌ಗಳು ಫೋನಿನಲ್ಲಿ ಹಾಗೇ ಉಳಿಯುತ್ತವೆ. ಬ್ರೌಸರ್‌ನಲ್ಲಿ ಸೇವ್ ಆಗಿರುವ ಬ್ಯಾಂಕ್, ಮೇಲ್ ಪಾಸ್‌ವರ್ಡ್‌ಗಳನ್ನು ಬದಲಿಸಿ. ಇಷ್ಟನ್ನು ಮುಚ್ಚಿಡಬೇಡಿ, ‘ವೈಯಕ್ತಿಕ ಖಾತೆಗಳಿಂದ ಲಾಗ್‌ಔಟ್ ಆಗಿದ್ದೇನೆ, ಕಂಪನಿಯ ಯಾವ ಫೈಲನ್ನೂ ಅಳಿಸಿಲ್ಲ’ ಎಂದು ಒಪ್ಪಿಸುವ ಪತ್ರದಲ್ಲೇ ಬರೆಯಿರಿ.

ಅದೇ ಪತ್ರದಲ್ಲಿ ಮಾಡೆಲ್, ಸೀರಿಯಲ್ ನಂಬರ್, ದಿನಾಂಕ, ಸಮಯ, ಪಡೆದವರ ಸಹಿ ಇರಲಿ. ಡಿಸ್ಕ್‌ನ ನಕಲು ತೆಗೆಯುವುದಾದರೆ ಅದರ ಹ್ಯಾಷ್ ಮೌಲ್ಯ, ಅಂದರೆ ಡಿಸ್ಕ್‌ನಲ್ಲಿರುವುದನ್ನು ಲೆಕ್ಕಹಾಕಿ ತೆಗೆದ ಗುರುತಿನ ಸಾಲು, ಕೇಳಿ. ಎಸ್‌ಎಚ್‌ಎ-256 ವಿಧಾನದಲ್ಲಿ ಇದು 64 ಅಂಕಿ-ಅಕ್ಷರಗಳ ಸಾಲು. ಡಿಸ್ಕ್‌ನಲ್ಲಿ ಒಂದೇ ಒಂದು ಫೈಲನ್ನು ಆಮೇಲೆ ಸೇರಿಸಿದರೂ ಸಾಲು ಬೇರೆಯೇ ಆಗುತ್ತದೆ. ಡಿಜಿಟಲ್ ದಾಖಲೆಯನ್ನು ಕೋರ್ಟಿಗೆ ಸಾಕ್ಷ್ಯವಾಗಿ ಕೊಡುವಾಗ ಬೇಕಾಗುವ, ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಷ್ ನಮೂದಿಸಬೇಕು. ಹಾಗಾಗಿ ನೀವು ಕೇಳುತ್ತಿರುವುದು ಹೆಚ್ಚುವರಿಯೇನಲ್ಲ.

ಸ್ವಂತ ಫೋನ್ ಕೇಳಿದರೆ

ಫೋನ್ ಕಿತ್ತುಕೊಳ್ಳುವ ಅಧಿಕಾರ ಕಂಪನಿಗಿಲ್ಲ. ಅನುಮತಿಯಿಲ್ಲದೆ ಅದರೊಳಗೆ ನುಗ್ಗಿ ಡೇಟಾ ತೆಗೆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನ ಉಲ್ಲಂಘನೆ. ಅಪ್ರಾಮಾಣಿಕ ಉದ್ದೇಶವಿದ್ದರೆ 66ನೇ ಕಲಮಿನಡಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಆದರೆ ‘ಖಾಸಗಿ’ ಎಂದಷ್ಟೇ ಹೇಳಿ ಸುಮ್ಮನಾದರೆ ಅಸಹಕಾರ ಎಂದು ದಾಖಲಾಗುತ್ತದೆ. ಯಾವ ಆರೋಪಕ್ಕೆ, ಯಾವ ಅವಧಿಯ, ಯಾರೊಂದಿಗಿನ ಸಂದೇಶ ಬೇಕು ಎಂದು ಲಿಖಿತವಾಗಿ ಕೇಳಿ. ಅಷ್ಟನ್ನು ಮಾತ್ರ, ನೀವೇ ಫೋನ್ ಹಿಡಿದು, ಸಮಿತಿಯ ಮುಂದೆ ತೋರಿಸುವುದಾಗಿ ಉತ್ತರಿಸಿ.

ಫೋನಿನಲ್ಲಿ ಕಂಪನಿಯ ನಿಯಂತ್ರಣ ಆ್ಯಪ್ ಇದೆಯೇ ಎಂದೂ ನೋಡಿಕೊಳ್ಳಿ. ಅದಕ್ಕೆ ಇಡೀ ಫೋನಿನ ಅಡ್ಮಿನ್ ಅಧಿಕಾರ ಕೊಟ್ಟಿದ್ದರೆ ವಜಾ ಆದ ದಿನ ದೂರದಿಂದಲೇ ಎಲ್ಲವನ್ನೂ ಅಳಿಸಿಹಾಕಬಹುದು. ಮಕ್ಕಳ ಫೋಟೊಗಳೂ ಹೋಗುತ್ತವೆ. ನಿಮ್ಮ ಸ್ವಂತ ಫೋಟೊ, ಕಾಂಟ್ಯಾಕ್ಟ್‌ಗಳನ್ನಷ್ಟೇ ಬ್ಯಾಕಪ್ ಮಾಡಿಡಿ.

ವಿಚಾರಣೆಯ ಕೋಣೆಯಲ್ಲಿ

ಆರೋಪಪಟ್ಟಿ ಕೈಗೆ ಬರುವವರೆಗೆ ತಪ್ಪೊಪ್ಪಿಗೆಗಾಗಲಿ, ರಾಜೀನಾಮೆಗಾಗಲಿ ಸಹಿ ಬೇಡ. ಹೊರಗೆ ಹೋಗಲು ಬಿಡದೆ ಕೂಡಿಹಾಕುವುದು ಅಪರಾಧ. ಸುಳ್ಳು ಪತ್ತೆ ಪರೀಕ್ಷೆಯ ಬೆದರಿಕೆಗೆ ಹೆದರಬೇಕಿಲ್ಲ: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ (2010) ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಸಲ್ಲದು ಎಂದಿದೆ. ಪೊಲೀಸರಿಗೇ ಇಲ್ಲದ ಅಧಿಕಾರ ಎಚ್‌ಆರ್‌ಗೆ ಎಲ್ಲಿಂದ ಬರಬೇಕು?

ಲೈಂಗಿಕ ಕಿರುಕುಳದ ದೂರಾದರೆ ಗೋಪ್ಯತೆಯ ನಿಯಮ ಇನ್ನೂ ಬಿಗಿ. 2013ರ ಕಾಯ್ದೆಯ 16ನೇ ಕಲಮು ದೂರುದಾರರು, ಆರೋಪಿತರು, ಸಾಕ್ಷಿಗಳು ಎಲ್ಲರ ಗುರುತನ್ನೂ ಕಾಯುತ್ತದೆ. ಆ ಕಟ್ಟಳೆ ನಿಮಗೂ ಅನ್ವಯ; ನಿಮ್ಮ ವಾದವನ್ನು ಟೀಮಿನ ಗ್ರೂಪಿನಲ್ಲಿ ಹಾಕಬೇಡಿ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿ ಕಂಪನಿಯ ಎದುರು ಆ ತೀರ್ಪೊಂದನ್ನೇ ಹಿಡಿದು ಹೊರಟರೆ ಸಾಲದು. ನೇಮಕಾತಿ ಪತ್ರ, ಐಟಿ ಪಾಲಿಸಿಗಳಲ್ಲಿ ನೀವು ಯಾವುದಕ್ಕೆ ಒಪ್ಪಿದ್ದೀರಿ ಎಂದು ಮೊದಲು ಓದಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023 ಕೂಡ, ಉದ್ಯೋಗದ ಉದ್ದೇಶಕ್ಕೆ ಮತ್ತು ಸಂಸ್ಥೆಯನ್ನು ನಷ್ಟದಿಂದ ಕಾಯಲು ಒಪ್ಪಿಗೆಯಿಲ್ಲದೆ ಮಾಹಿತಿ ಬಳಸಲು ಮಾಲೀಕರಿಗೆ ಅವಕಾಶ ಕೊಟ್ಟಿದೆ. ಇದು ತೀರಾ ಸಡಿಲ ಎಂಬುದು ನಮ್ಮ ಅಭಿಪ್ರಾಯ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹಕ್ಕುಗಳ ಜಾರಿಗೆ ಅಲ್ಲಿಂದ 18 ತಿಂಗಳ ಗಡುವಿದೆ.

ಅಮಾನತು, ವಜಾ

2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧ ಸಂಹಿತೆಯಂತೆ ಅಮಾನತಾದ ಕಾರ್ಮಿಕರಿಗೆ ಮೊದಲ 90 ದಿನ ವೇತನದ ಶೇ 50, ವಿಳಂಬಕ್ಕೆ ಅವರು ಕಾರಣರಲ್ಲದಿದ್ದರೆ ಆಮೇಲೆ ಶೇ 75 ಜೀವನಾಧಾರ ಭತ್ಯೆ ಸಿಗಬೇಕು. ಮ್ಯಾನೇಜರ್‌ಗಳು ಮತ್ತು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಸಂಬಳದ ಮೇಲ್ವಿಚಾರಕರು ‘ಕಾರ್ಮಿಕ’ ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ. ವಜಾ ಆದರೆ ಬಾಕಿ ವೇತನವನ್ನು 2 ಕೆಲಸದ ದಿನಗಳೊಳಗೆ ಕೊಡಬೇಕೆನ್ನುತ್ತದೆ ವೇತನ ಸಂಹಿತೆ.

ಹೊರಬೀಳುವ ದಿನವೇ ಎಚ್‌ಆರ್‌ಗೆ ಒಂದು ಮೇಲ್ ಹಾಕಿ, ಅದರ ಪ್ರತಿ ನಿಮ್ಮ ಸ್ವಂತ ವಿಳಾಸಕ್ಕೂ ಬರಲಿ. ಅದರಲ್ಲಿ ಇಷ್ಟು ಕೇಳಿ: ಸಹೋದ್ಯೋಗಿಗಳಿಗೆ ‘ಇವರು ಈಗ ನಮ್ಮಲ್ಲಿಲ್ಲ’ ಎಂಬುದರಾಚೆ ಕಾರಣ ಹೇಳಬಾರದು. ಮುಂದಿನ ಕಂಪನಿ ವಿಚಾರಿಸಿದರೆ ಹುದ್ದೆ ಮತ್ತು ಸೇವಾವಧಿಯನ್ನಷ್ಟೇ ತಿಳಿಸಬೇಕು. ಪಿಎಫ್, ತೆರಿಗೆಗೆ ಬೇಕಾದ ದಾಖಲೆ ಬಿಟ್ಟು ಬೆರಳಚ್ಚು, ವೈದ್ಯಕೀಯ ವರದಿಗಳನ್ನು ಅಳಿಸಿ ದೃಢೀಕರಿಸಬೇಕು. ಎಲ್ಲದಕ್ಕೂ ಅವರು ಒಪ್ಪಲಿಕ್ಕಿಲ್ಲ. ಮುಂದೆ ವ್ಯಾಜ್ಯವಾದರೆ, ಕೇಳಿದ್ದಕ್ಕೆ ಆ ಮೇಲ್‌ ಪುರಾವೆ.