ಮಗು ದಪ್ಪಗಿದೆ, ಆದರೂ ಕಬ್ಬಿಣ ಸಾಲದು: ನನ್ನ ಅನುಭವ

ತೀರ್ಥಹಳ್ಳಿ ಸುತ್ತಮುತ್ತಲಿನ ಬಸುರಿಯರನ್ನು ನೋಡುವ ವೈದ್ಯೆ ನಾನು. ಸಕ್ಕರೆ ಕಾಯಿಲೆ ಕಾಣಿಸಿಕೊಂಡವರಿಗಿಂತ ಅವರ ಅತ್ತೆಯಂದಿರ ಜತೆಗೇ ಹೆಚ್ಚು ಹೊತ್ತು ಮಾತನಾಡುತ್ತೇನೆ. "ಮಗು ದಪ್ಪಗೆ ಬೆಳೆದಿದೆ ಎಂದು ಸ್ಕ್ಯಾನಿಂಗಿನಲ್ಲೇ ಬಂದಿದೆಯಲ್ಲ ಡಾಕ್ಟರೇ, ಇನ್ನೇಕೆ ಪಥ್ಯ?" ಎಂದು ಕೇಳುವವರು ಅವರೇ. ಆ ದಪ್ಪ ಪೋಷಣೆಯ ಗುರುತಲ್ಲವೆಂದು ಅವರಿಗೆ ಮನದಟ್ಟಾಗದೆ ಮನೆಯ ಅಡುಗೆ ಬದಲಾಗುವುದಿಲ್ಲ.

ಹಾಗಾಗಿ ಔಷಧಿ ಚೀಟಿ ಬರೆಯುವ ಮೊದಲು ಕಾಗದದ ಮೇಲೆ ಮಾಸಿನ, ಅಂದರೆ ಪ್ಲಾಸೆಂಟಾದ, ಚಿತ್ರ ಬರೆಯುತ್ತೇನೆ. ಗ್ಲೂಕೋಸ್ ತಾಯಿಯ ರಕ್ತದಿಂದ ಮಾಸಿನ ಮೂಲಕ ಮಗುವಿಗೆ ಸಲೀಸಾಗಿ ದಾಟುತ್ತದೆ. ಇತ್ತ ಏರಿದಷ್ಟೂ ಅತ್ತ ಹರಿಯುತ್ತದೆ. ತಾಯಿಯ ಇನ್ಸುಲಿನ್ ಮಾತ್ರ ದಾಟುವುದಿಲ್ಲ. ಬಂದ ಸಕ್ಕರೆಗೆ ತಕ್ಕಷ್ಟು ಇನ್ಸುಲಿನ್ನನ್ನು ಮಗುವಿನ ಮೇದೋಜೀರಕ ಗ್ರಂಥಿಯೇ ಸ್ರವಿಸಬೇಕು. ಡೆನ್ಮಾರ್ಕಿನ ವೈದ್ಯ ಯೋರ್ಗನ್ ಪೆಡರ್ಸನ್ 1950ರ ದಶಕದಲ್ಲಿ ಮುಂದಿಟ್ಟ ಈ ವಿವರಣೆ ನನಗೆ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಆ ಇನ್ಸುಲಿನ್ ಕೊಬ್ಬನ್ನು ಭುಜಕ್ಕೂ ಹೊಟ್ಟೆಗೂ ತುಂಬುತ್ತದೆ. ಹೆರಿಗೆಯಲ್ಲಿ ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಳ್ಳುವ ಭಯ ಇದರಿಂದಲೇ.

ಅತ್ತೆಯಂದಿರು ಕಿವಿಗೊಡುವುದು ಕಬ್ಬಿಣದ ಮಾತಿಗೆ. ಇನ್ಸುಲಿನ್ ಹೆಚ್ಚಿದ ಮಗುವಿಗೆ ಆಮ್ಲಜನಕವೂ ಹೆಚ್ಚು ಬೇಕು. ಅದು ಸಾಲದಾದಾಗ ಮಗು ಕೆಂಪು ರಕ್ತಕಣಗಳನ್ನು ಹೆಚ್ಚು ತಯಾರಿಸುತ್ತದೆ. ಅದಕ್ಕೆ ಬೇಕಾದ ಕಬ್ಬಿಣವನ್ನು ಯಕೃತ್ತಿನ ದಾಸ್ತಾನಿನಿಂದ ತೆಗೆಯುತ್ತದೆ. ಕೊರತೆ ತೀವ್ರವಾದರೆ ಮಿದುಳಿನ ಪಾಲಿಗೂ ಕತ್ತರಿ ಬೀಳುತ್ತದೆ. ತೂಕದಲ್ಲಿ ಮುಂದಿರುವ ಮಗು ಕಬ್ಬಿಣದಲ್ಲಿ ಹಿಂದೆ ಬಿದ್ದಿರಬಹುದು ಎಂದಾಗ ಅವರ ಮುಖದ ಭಾವವೇ ಬದಲಾಗುತ್ತದೆ. ಕಬ್ಬಿಣದ ಮಾತ್ರೆಯನ್ನು ಕಾಫಿಯ ಜತೆ ನುಂಗಬಾರದು, ಕಾಫಿ ಅದನ್ನು ಮೈಗೆ ಹತ್ತಗೊಡುವುದಿಲ್ಲ ಎಂಬುದನ್ನು ಅಲ್ಲಿಯೇ ಸೇರಿಸುತ್ತೇನೆ. ಕಾಫಿಯ ನಾಡಿನಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಅಕ್ಕಿಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಯಾರೂ ಪಾಲಿಸುವುದಿಲ್ಲ, ಹೊಟ್ಟೆ ಕಟ್ಟಿ ಉಪವಾಸವಿರುವುದೂ ಬಸುರಿಗೆ ಒಳ್ಳೆಯದಲ್ಲ. ರೊಟ್ಟಿ, ಕಡುಬಿನ ಪ್ರಮಾಣ ಇಳಿಸಿ, ಬಸಳೆ, ಹರಿವೆ, ಕಾಳು, ಮೊಟ್ಟೆ, ಮೀನು ಹೆಚ್ಚಿಸಿ, ಒಮ್ಮೆಗೇ ಉಣ್ಣುವುದನ್ನು ಹಲವು ಹೊತ್ತಿಗೆ ಹಂಚಿಸುತ್ತೇನೆ. ಬರಿಯ ಗಂಜಿ ಬಹುಬೇಗ ಸಕ್ಕರೆ ಏರಿಸುತ್ತದೆ. ಹಲಸಿನ ಕಾಲದಲ್ಲಿ ಒಂದೆರಡು ತೊಳೆ ಸಾಕು. ಊಟದ ನಂತರ ನಡೆಯಬೇಕು; ಆಷಾಢದ ಮಳೆ ಹಿಡಿದಾಗ ಉದ್ದ ಜಗಲಿಯೇ ಆದೀತು.

ತಪಾಸಣೆ ಸರಳ. ಮೊದಲ ಭೇಟಿಯಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುತ್ತೇವೆ. 140 ಮಿಲಿಗ್ರಾಂ ಅಥವಾ ಮೇಲಿದ್ದರೆ ಗರ್ಭಿಣಿಯ ಮಧುಮೇಹ. ಸರಿಯಿದ್ದರೂ 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಮಾಡುತ್ತೇವೆ. ಎರಡು ವಾರ ಪಥ್ಯ ಮಾಡಿದರೂ ಊಟವಾಗಿ ಎರಡು ಗಂಟೆಗೆ 120ರ ಕೆಳಗೆ ಇಳಿಯದಿದ್ದರೆ ಮೆಟ್‌ಫಾರ್ಮಿನ್ ಅಥವಾ ಇನ್ಸುಲಿನ್. ಇಂಜೆಕ್ಷನ್ ಮಗುವಿಗೆ ತಾಗುತ್ತದೆಂಬ ಹೆದರಿಕೆ ಬಂದಾಗ ಅದೇ ಚಿತ್ರವನ್ನು ಮತ್ತೆ ತೋರಿಸುತ್ತೇನೆ: ಇನ್ಸುಲಿನ್ ಮಾಸನ್ನು ದಾಟುವುದಿಲ್ಲ.

ಬಸುರಾಗುವ ಮೊದಲೇ ಬಹುಕಾಲದಿಂದ ಕಾಯಿಲೆಯಿದ್ದು ರಕ್ತನಾಳ ಕೆಟ್ಟವರ ಕಥೆ ಬೇರೆ. ಅಲ್ಲಿ ಮಾಸಿಗೆ ರಕ್ತವೇ ಸಾಲದೆ ಮಗು ಸಣ್ಣಗಾಗಬಹುದು. ಅಂಥವರನ್ನು ನಾನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬೇಗನೆ ಕಳಿಸುತ್ತೇನೆ.

ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣಕ್ಕೆ ತಾಯಿಯಿಂದ ಬರುವ ಸಕ್ಕರೆ ನಿಲ್ಲುತ್ತದೆ, ಮಗುವಿನ ಇನ್ಸುಲಿನ್ ಮಾತ್ರ ಏರಿಯೇ ಇರುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ಸಕ್ಕರೆ ಕುಸಿಯಬಹುದು. ಅದಕ್ಕೇ ಒಂದು ಗಂಟೆಯೊಳಗೆ ಎದೆಹಾಲು, ಹಿಮ್ಮಡಿ ಚುಚ್ಚಿ ಪರೀಕ್ಷೆ. ಜೇನು ನೆಕ್ಕಿಸಲು ಬಿಡುವುದಿಲ್ಲ. ತಾಯಿಗೆ ಆರು ವಾರದ ನಂತರ ಮತ್ತೆ 75 ಗ್ರಾಂ ಪರೀಕ್ಷೆ. ಬಾಣಂತನಕ್ಕೆ ತವರಿಗೆ ಹೋಗುವವರ 'ತಾಯಿ ಕಾರ್ಡ್'ನಲ್ಲಿ ಆ ದಿನಾಂಕ ಬರೆದು, ಅಲ್ಲಿನ ಆಶಾ ಕಾರ್ಯಕರ್ತೆಗೆ ತೋರಿಸಲು ಹೇಳಿ ಕಳಿಸುತ್ತೇನೆ.