ಮೆನಿಸ್ಕಸ್ ಕಸಿಯ ನಂತರ: ಕಲಬುರಗಿಯ ಫಿಸಿಯೋಥೆರಪಿಸ್ಟ್ ಒಬ್ಬರ ಅನುಭವ

ಕಬಡ್ಡಿಯಲ್ಲಿ ಹರಿದ ಮೆನಿಸ್ಕಸನ್ನು (ಮೊಣಕಾಲಿನ ಎಲುಬುಗಳ ನಡುವೆ ಮೆತ್ತೆಯಂತಿರುವ ಭಾಗ) ಬಹುಪಾಲು ತೆಗೆಸಿಕೊಂಡು, ಕೆಲವು ವರ್ಷಗಳ ನಂತರ ಮೊಣಕಾಲಿನ ಅದೇ ಬದಿಯಲ್ಲಿ ನೋವು, ಬಾವು ಕಾಣಿಸಿಕೊಂಡಿದ್ದ ಸೇಡಂ ಕಡೆಯ ಯುವಕನಿಗೆ ಹೈದರಾಬಾದಿನಲ್ಲಿ ದಾನಿಯ ಮೆನಿಸ್ಕಸ್ ಕಸಿ ಮಾಡಿದ್ದರು. ಮುಂದಿನ ಚಿಕಿತ್ಸೆ ಕಲಬುರಗಿಯ ನನ್ನ ಕ್ಲಿನಿಕ್ಕಿನಲ್ಲಿ ನಡೆಯಿತು. ಎಲುಬಿನ ತುದಿಯನ್ನು ಹೊದೆದಿರುವ ಅವನ ಮೃದ್ವಸ್ಥಿ ಇನ್ನೂ ಹೆಚ್ಚು ಸವೆದಿರಲಿಲ್ಲ, ಕಾಲು ನೆಟ್ಟಗಿತ್ತು, ಎಲುಬುಗಳನ್ನು ಬಿಗಿದಿಡುವ ಲಿಗಮೆಂಟುಗಳು ಗಟ್ಟಿಯಾಗಿದ್ದವು. ಇವು ಇಲ್ಲದಿದ್ದರೆ ಕಸಿಯ ಮಾತೆತ್ತುವುದೇ ಕಷ್ಟ.

ಮೆನಿಸ್ಕಸ್ ಪೂರ್ತಿ ಹೋದಾಗ ಎಲುಬುಗಳು ಒಂದಕ್ಕೊಂದು ತಾಗುವ ಜಾಗ ಕಿರಿದಾಗಿ, ಮೃದ್ವಸ್ಥಿಯ ಮೇಲಿನ ಒತ್ತಡ ಎರಡು ಮೂರು ಪಟ್ಟು ಏರುತ್ತದೆ. ಮೊಣಕಾಲು ನೆಟ್ಟಗಿರುವಾಗ ಭಾರದ ಸುಮಾರು ಅರ್ಧವನ್ನು ಹೊರುವ ಮೆನಿಸ್ಕಸ್, 90 ಡಿಗ್ರಿ ಮಡಚಿದಾಗ ಸುಮಾರು ಶೇ. 85ರಷ್ಟನ್ನು ಹೊರುತ್ತದೆ. ಆದ್ದರಿಂದ ಮೊದಲ ಆರು ವಾರ ಬ್ರೇಸ್ ಮತ್ತು ಊರುಗೋಲಿನೊಂದಿಗೆ, ಮಡಚುವಿಕೆಯನ್ನು 90 ಡಿಗ್ರಿ ದಾಟಿಸದೆ ಕೆಲಸ ಮಾಡಿದೆ. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೊಣಕಾಲನ್ನು ಹಾಸಿಗೆಯ ಕಡೆಗೆ ಒತ್ತಲು ಹೇಳಿ, ಮಂಡಿಚಿಪ್ಪಿನ ಮೇಲ್ಭಾಗದ ಸ್ನಾಯು ಬಿಗಿಯುತ್ತದೆಯೇ ಎಂದು ಬೆರಳಿಟ್ಟು ನೋಡುತ್ತಿದ್ದೆ. ಆ ಸ್ನಾಯು ಎಚ್ಚರಗೊಳ್ಳದೆ ಬೇರಾವ ವ್ಯಾಯಾಮವೂ ಫಲ ಕೊಡುವುದಿಲ್ಲ.

ನಮ್ಮ ಭಾಗದಲ್ಲಿ ನಿಜವಾದ ತೊಡಕಿರುವುದು ಮನೆಯಲ್ಲಿ. ಊಟ ನೆಲದ ಮೇಲೆ, ಶೌಚ ಕುಕ್ಕರುಗಾಲಿನಲ್ಲಿ. ಮಂಚ, ಕಮೋಡ್ ಕುರ್ಚಿ ಎರಡನ್ನೂ ಶಸ್ತ್ರಚಿಕಿತ್ಸೆಗೆ ಮೊದಲೇ ತರಿಸಬೇಕೆಂದು ಈಗ ಎಲ್ಲ ಮನೆಯವರಿಗೂ ಹೇಳುತ್ತೇನೆ. "ಎಷ್ಟ ದಿನ ಹಿಂಗ ಕುರ್ಚಿ ಮ್ಯಾಲೇ ಕೂಡಬೇಕ್ರಿ ಸರ?" ಎಂದು ಆತನ ತಾಯಿ ಕೇಳಿದಾಗ, ಚಕ್ಕಳಮಕ್ಕಳ ಹಾಕುವ ಅವಸರ ಸದ್ಯ ಬೇಡವೆಂದೆ. ಅವರಿಗೆ ಆ ಉತ್ತರ ಹಿಡಿಸಲಿಲ್ಲ.

ನಂತರ ಸೈಕಲ್, ಗೋಡೆಗೆ ಬೆನ್ನುಕೊಟ್ಟು ಅರ್ಧ ಕೂರುವುದು, ಒಂಟಿ ಕಾಲಿನ ಸಮತೋಲನ ಎಂದು ಮುಂದುವರಿದೆವು. ವೇಗವನ್ನು ನಿರ್ಧರಿಸಿದ್ದು ಕ್ಯಾಲೆಂಡರಿಗಿಂತ ಹೆಚ್ಚಾಗಿ ಬಾವು: ಮಂಡಿಚಿಪ್ಪಿನ ಒಳಬದಿಯನ್ನು ಮೇಲಕ್ಕೆ ಸವರಿ, ಹೊರಬದಿಯನ್ನು ಕೆಳಕ್ಕೆ ಸವರಿದಾಗ ಒಳಗಿನ ಗುಳಿಗೆ ನೀರು ಮರಳಿ ತುಂಬಿದರೆ, ಅಂದು ವ್ಯಾಯಾಮವನ್ನು ತಗ್ಗಿಸುತ್ತಿದ್ದೆ.

ಕಸಿಯಿಂದ ನೋವು ತಗ್ಗುತ್ತದೆ ಎಂಬುದನ್ನು ಅವನಲ್ಲಿಯೂ ಕಂಡೆ. ಮೃದ್ವಸ್ಥಿಯ ಸವೆತವನ್ನು ಅದು ಶಾಶ್ವತವಾಗಿ ತಡೆಯುತ್ತದೆಂಬುದು ಮಾತ್ರ ಇನ್ನೂ ಸಾಬೀತಾಗಿಲ್ಲವಾದ್ದರಿಂದ, ಒಂದೇ ಕಾಲಿನ ಮೇಲೆ ಸರ್ರನೆ ತಿರುಗಬೇಕಾದ ಕಬಡ್ಡಿಗೆ ನಾನು ಒಪ್ಪಲಿಲ್ಲ. ತೊಗರಿ ಹೊಲದಲ್ಲಿ ನಿಂತು ಮಾಡುವ ಕೆಲಸಕ್ಕೆ ಅಡ್ಡಿಯಿಲ್ಲ, ಕುಕ್ಕರುಗಾಲಿನಲ್ಲಿ ಕುಳಿತು ಕಳೆ ಕೀಳುವುದನ್ನು ಬೇರೆಯವರಿಗೆ ಬಿಡಬೇಕೆಂದು ತಿಳಿಸಿದ್ದೇನೆ.